ಸರಕು ವಿಮಾನಕ್ಕೆ ಅನುಮತಿ: ಭದ್ರತೆಯ ಪ್ರಶ್ನೆಯೋ, ವ್ಯಾಪಾರದ್ದೋ?

ವಿದೇಶಿ ಬಾಡಿಗೆ ಸರಕು ವಿಮಾನಗಳು ಇಳಿಯಬಹುದಾದ ನಿಲ್ದಾಣಗಳನ್ನು ಕೇಂದ್ರ ಸರ್ಕಾರವು 2020ರಲ್ಲಿ ಆರಕ್ಕೆ ಸೀಮಿತಗೊಳಿಸಿತು. ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಹೈದರಾಬಾದ್ ಮತ್ತು ಬೆಂಗಳೂರಿಗೆ ಮಾತ್ರ ಈ ಭಾಗ್ಯ. ತೊಂಬತ್ತರ ದಶಕದ ಆರಂಭದಿಂದ ಜಾರಿಯಲ್ಲಿದ್ದ 'ಮುಕ್ತ ಆಗಸ' ನೀತಿಗೆ ಇದು ದೊಡ್ಡ ತಿದ್ದುಪಡಿ. ಸ್ವದೇಶಿ ವಿಮಾನ ಸಂಸ್ಥೆಗಳಿಗೆ ಸಮಾನ ಅವಕಾಶ ಕಲ್ಪಿಸುವುದು ಇದರ ಉದ್ದೇಶವೆಂದು ಸರ್ಕಾರ ಹೇಳಿತು.

ಹೀಗೆ ನಿರ್ಬಂಧಿಸುವ ಹಕ್ಕು ಸರ್ಕಾರಕ್ಕೆ ಇದೆಯೇ? ಖಂಡಿತ ಇದೆ. ನಿಗದಿತ ವೇಳಾಪಟ್ಟಿಯಿಲ್ಲದ ವಿಮಾನಗಳ ಬಗ್ಗೆ 1944ರ ಷಿಕಾಗೊ ಒಪ್ಪಂದದ 5ನೇ ವಿಧಿ ಸಾಕಷ್ಟು ಉದಾರವಾಗಿದೆ. ಆದರೆ ಬಾಡಿಗೆ ಪಡೆದು ಸರಕು ಸಾಗಿಸುವ ವಿಮಾನಕ್ಕೆ ತನ್ನದೇ ಷರತ್ತು ವಿಧಿಸಲು ಪ್ರತಿಯೊಂದು ರಾಷ್ಟ್ರಕ್ಕೂ ಅದೇ ವಿಧಿ ಅವಕಾಶ ನೀಡುತ್ತದೆ. ಆದ್ದರಿಂದಲೇ ಇಂಥ ಪ್ರತಿ ಹಾರಾಟಕ್ಕೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎ, ಪೂರ್ವಾನುಮತಿ ಅಗತ್ಯ. ವಿಮಾನದ ನೋಂದಣಿ, ಮಾರ್ಗ, ಸರಕಿನ ಸ್ವರೂಪ ಮುಂತಾದ ವಿವರಗಳನ್ನು ಮೊದಲೇ ಸಲ್ಲಿಸಬೇಕು. ಒಪ್ಪಿಗೆ ದೊರೆತರೆ ಒಂದು ಸಂಖ್ಯೆ ಸಿಗುತ್ತದೆ. ವೃತ್ತಿಯವರು ಅದನ್ನು 'ವೈಎ ನಂಬರ್' ಎನ್ನುತ್ತಾರೆ. ವಾಯು ರಕ್ಷಣಾ ಅನುಮತಿ ಬೇರೆಯೇ ಪಡೆಯಬೇಕು.

ಇಷ್ಟೊಂದು ಕಟ್ಟುಪಾಡು ಏಕೆ ಎಂಬುದಕ್ಕೆ ಪುರುಲಿಯಾ ಪ್ರಕರಣವೇ ಉತ್ತರ. 1995ರ ಡಿಸೆಂಬರ್ 17ರ ರಾತ್ರಿ ಎಎನ್-26 ವಿಮಾನವೊಂದು ಪಶ್ಚಿಮ ಬಂಗಾಳದ ಆ ಜಿಲ್ಲೆಯ ಮೇಲೆ ನೂರಾರು ಎಕೆ-47 ಬಂದೂಕುಗಳನ್ನೂ ಲಕ್ಷಾಂತರ ಗುಂಡುಗಳನ್ನೂ ಉದುರಿಸಿ ಹೋಯಿತು. ಅದೇನೂ ಕದ್ದು ಬಂದ ವಿಮಾನವಲ್ಲ. ಬಲ್ಗೇರಿಯಾದಿಂದ ಹೊರಟು, ಕರಾಚಿಯನ್ನು ದಾಟಿ, ವಾರಾಣಸಿಯಲ್ಲಿ ಇಳಿದು ಇಂಧನ ತುಂಬಿಸಿಕೊಂಡಿತ್ತು. ಶಸ್ತ್ರಾಸ್ತ್ರ ಎಸೆದ ಬಳಿಕವೂ ಕಲ್ಕತ್ತಾದಲ್ಲಿ ನಿಂತು ಥಾಯ್ಲೆಂಡ್‌ಗೆ ಹಾರಿತು. ಮರಳುವಾಗ ಅದನ್ನು ಮುಂಬೈಯಲ್ಲಿ ಬಲವಂತವಾಗಿ ಇಳಿಸಲಾಯಿತಾದರೂ ಮುಖ್ಯ ಸಂಚುಗಾರ ನಿಲ್ದಾಣದಿಂದಲೇ ಪರಾರಿಯಾದ! ಅನುಮತಿ ಪತ್ರ ಸರಿಯಿದ್ದ ಮಾತ್ರಕ್ಕೆ ಒಳಗಿನ ಸರಕು ಸರಿಯಿರಬೇಕೆಂದಿಲ್ಲ.

2020ರ ನಿರ್ಬಂಧ ಮಾತ್ರ ಈ ಜಾತಿಯದಲ್ಲ. ಅದು ತಪಾಸಣೆಯನ್ನು ಬಿಗಿಗೊಳಿಸಿದ್ದಲ್ಲ, ಪೈಪೋಟಿಯನ್ನು ತಗ್ಗಿಸಿದ್ದು. ಸ್ವದೇಶಿ ಸಂಸ್ಥೆಗಳು ಬೆಳೆಯಬೇಕೆಂಬ ಆಶಯ ತಪ್ಪಲ್ಲ. ಹಾಗೆಂದು ಅದರ ವೆಚ್ಚವನ್ನು ಯಾರು ಭರಿಸಬೇಕು? ಕೊಚ್ಚಿ, ಅಹಮದಾಬಾದಿನಂಥ ಅಂತರರಾಷ್ಟ್ರೀಯ ನಿಲ್ದಾಣಗಳೇ ಪಟ್ಟಿಯಿಂದ ಹೊರಗುಳಿದವು. ಕರ್ನಾಟಕದಲ್ಲಿ ಬೆಂಗಳೂರಿಗೆ ದೊರೆತದ್ದು ಮಂಗಳೂರಿಗೆ ದೊರೆಯಲಿಲ್ಲ. ಪಟ್ಟಿಯ ಹೊರಗಿನ ಊರಿನ ರಫ್ತುದಾರ ವಿದೇಶಿ ಬಾಡಿಗೆ ವಿಮಾನವನ್ನೇ ನೆಚ್ಚಿದರೆ, ಸರಕನ್ನು ಮೊದಲು ಲಾರಿಯಲ್ಲಿ ಮಹಾನಗರಕ್ಕೆ ಸಾಗಿಸಬೇಕು. ಹೂವು, ಹಣ್ಣು, ಮೀನಿನಂಥ ಸರಕಿಗೆ ಕೆಲವು ಗಂಟೆಗಳ ವಿಳಂಬವೂ ದುಬಾರಿ.

ವಿಶ್ವಸಂಸ್ಥೆಯಂಥ ಸಂಸ್ಥೆಗಳ ತುರ್ತು ಪರಿಹಾರ ವಿಮಾನಗಳಿಗೆ ಈ ನಿರ್ಬಂಧದಿಂದ ವಿನಾಯಿತಿ ನೀಡಲಾಯಿತು. ಬೇಗ ಕೆಡುವ ಸರಕಿನ ಸುಗ್ಗಿಯ ದಿನಗಳಿಗೂ ಅದನ್ನು ವಿಸ್ತರಿಸಲು ಅಡ್ಡಿಯೇನಿದೆ? ಹೇಗೂ ಪ್ರತಿ ಹಾರಾಟದ ಕಡತವೂ ಡಿಜಿಸಿಎ ಮೇಜಿನ ಮೇಲೆ ಬಂದೇ ಬರುತ್ತದೆ.