ಸಗಣಿ ಸಾಲದಾಗ ಹೊಲದ ಕಸ ಹಾಕಬಹುದೇ?



ಟ್ರ್ಯಾಕ್ಟರ್ ಬಂದು ಎತ್ತುಗಳು ಹೋದ ಮೇಲೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆ ಗೋಬರ್ ಗ್ಯಾಸ್ ಇದ್ದವರದೆಲ್ಲ ಒಂದೇ ಮಾತು: "ಹೆಂಡಿ ಸಾಲೂದಿಲ್ಲರೀ." ಮಾತು ಸುಳ್ಳಲ್ಲ. 2 ಘನಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು, ಅಂದರೆ ನಾಲ್ಕೈದು ದನ. ನಮ್ಮಲ್ಲಿರುವುದು ಎರಡೇ ಎಮ್ಮೆ.

ಹೊಲದಲ್ಲಿ ಕಸಕ್ಕೇನು ಬರವೇ ಎಂದು ಹೋದ ಸುಗ್ಗಿಯಲ್ಲಿ ಗೋವಿನಜೋಳದ ಒಣ ದಂಟನ್ನು ಬುಟ್ಟಿಗಟ್ಟಲೆ ಗುಂಡಿಗೆ ಸುರಿದುಬಿಟ್ಟೆ. ಸ್ವಲ್ಪ ದಿನದಲ್ಲೇ ಉರಿ ಸಣ್ಣಗಾಗಿ ನಿಂತೇ ಹೋಯಿತು. ದಂಟು ತೇಲಿ ಮೇಲೆ ಗಟ್ಟಿ ಕೆನೆಯಂತೆ ಕಟ್ಟಿಕೊಂಡಿತ್ತು! ಅತ್ತೆಯವರು ಮತ್ತೆ ಕಟ್ಟಿಗೆ ಒಲೆ ಮುಂದೆ ಕೂತು ಕೆಮ್ಮುವಾಗ ನನಗೆ ಮುಖ ಎತ್ತಲಾಗಲಿಲ್ಲ.

ಸಗಣಿಯ ಕೊರತೆ ನಮಗಷ್ಟೇ ಅಲ್ಲ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಊರಿಗೆಲ್ಲ ಒಂದು ಸ್ಥಾವರ ಕಟ್ಟಿದ್ದರು. ಎಲ್ಲರ ಅಡುಗೆಗೆ ಗ್ಯಾಸ್ ಸಾಲಲಿಲ್ಲ. 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ನಡೆಸಿ ಊರಿಗೆ ದೀಪ, ನೀರು ಕೊಟ್ಟರು. ಸೊಪ್ಪುಸದೆಯಿಂದ ಗ್ಯಾಸ್ ತೆಗೆಯಲು ಅವರು ಬೇರೆ ನಮೂನೆಯ ಸ್ಥಾವರವನ್ನೇ ರೂಪಿಸಿದರು. ಸಗಣಿಗೆಂದು ಕಟ್ಟಿದ ಗುಂಡಿಗೆ ಬರೀ ಕಸ ಒಗ್ಗುವುದಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಆದರೆ ಸಗಣಿಯ ಜೊತೆ ಸ್ವಲ್ಪ ಕಸ ಒಗ್ಗುತ್ತದೆ. ನಾನೀಗ ಮಾಡುವುದು ಹೀಗೆ:

ಬಲಿತ ದಂಟು, ಹತ್ತಿಕಟ್ಟಿಗೆ ಬೇಡವೇ ಬೇಡ. ಅವು ಬೇಗ ಕೊಳೆಯುವುದಿಲ್ಲ. ಕಾಯಿಪಲ್ಲೆ ಸಿಪ್ಪೆ, ಎಳೆ ಸೊಪ್ಪು, ವೀಳ್ಯದ ತೋಟದ ಹಸಿ ಎಲೆಯಂಥ ಮೆತ್ತನೆಯದೇ ಆಗಬೇಕು. ದನ ತಿನ್ನುವುದನ್ನು ಮೊದಲು ದನಕ್ಕೇ ಹಾಕಿರಿ. ಉಳಿದದ್ದನ್ನು ಸಣ್ಣಗೆ ಹೆಚ್ಚಿ, ಗುಂಡಿಯಿಂದ ಹೊರಬಂದ ಬಗ್ಗಡದಲ್ಲಿ ಐದಾರು ದಿನ ನೆನೆಯಿಡಿರಿ. 10 ಕಿಲೋ ಸಗಣಿಗೆ 1 ಕಿಲೋದಂತೆ ಸೇರಿಸಿ, ನೀರು ಬೆರೆಸಿ ಕದಡಿ ಹಾಕಿರಿ. ತೇಲುವ ಡ್ರಮ್ ಇದ್ದವರು ದಿನಾ ಅದನ್ನು ಅತ್ತಿತ್ತ ತಿರುಗಿಸಿದರೆ ಕೆನೆ ಕಟ್ಟುವುದಿಲ್ಲ. ಸಾಬೂನು ನೀರು, ಫಿನಾಯಿಲ್ ಹಾಕಬೇಡಿರಿ. ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳು ಸಾಯುತ್ತವೆ.

ಒಂದು ಮಾತು ಮಾತ್ರ ಮರೆಯಬೇಡಿರಿ. ಕೆನೆ ಒಡೆಯಲೆಂದು ಯಾರನ್ನೂ ಗುಂಡಿಗೆ ಇಳಿಸಬೇಡಿರಿ, ಹತ್ತಿರ ಬೆಂಕಿ ಒಯ್ಯಬೇಡಿರಿ. ಒಳಗಿನ ವಿಷಗಾಳಿ ಕ್ಷಣದಲ್ಲಿ ಜೀವ ತೆಗೆಯುತ್ತದೆ. ಮೇಲೆ ನಿಂತೇ ಉದ್ದ ಗಳದಿಂದ ಕದಡಿರಿ.

ನಮ್ಮಲ್ಲಿ ಈಗ ಎರಡೂ ಹೊತ್ತಿನ ಅಡುಗೆ ಆಗುವುದಿಲ್ಲ. ಆದರೆ ಬೆಳಗಿನ ಚಹಾ, ಪಲ್ಯಕ್ಕೆ ಕೊರತೆಯಿಲ್ಲ. ಅತ್ತೆಯವರು ಹೊಗೆಯ ಮುಂದೆ ಕೂರುವುದು ತಪ್ಪಿದೆ. ನನಗೆ ಅಷ್ಟೇ ಸಾಕು.