ಹೊಳೆದಂಡೆಯ ಡೇರೆಗಳು

ಹೆಗ್ಗಡದೇವನಕೋಟೆ ಸೀಮೆಯ ಕಾರಾಪುರದಲ್ಲಿ, ಕಬಿನಿ ಹಿನ್ನೀರಿನ ಅಂಚಿಗೆ, ಮೈಸೂರು ಮಹಾರಾಜರ ಬೇಟೆಯ ಬಂಗಲೆಯಿದೆ. 1980ರಲ್ಲಿ ಸ್ಥಾಪನೆಯಾದ ಸರಕಾರಿ ಸಂಸ್ಥೆ ಜಂಗಲ್ ಲಾಡ್ಜಸ್ ಅಲ್ಲಿ ವಸತಿಗೃಹ ನಡೆಸುತ್ತಿದೆ. ಕಾಟೇಜುಗಳ ಜೊತೆಗೆ ಡೇರೆಗಳೂ ಉಂಟು. ಜಾತ್ರೆಯಲ್ಲಿ ನಮ್ಮ ಚಿಲ್ಲರೆ ವ್ಯಾಪಾರಿ ಕಟ್ಟುವ ಗೋಣಿತಟ್ಟಿನ ಡೇರೆಯಲ್ಲ ಇದು; ಒಳಗೆ ಮಂಚ, ಹಾಸಿಗೆ, ಸ್ನಾನದ ಮನೆ. ಇದೇ ದಂಡೆಯ ದುಬಾರಿ ಖಾಸಗಿ ಬಿಡಾರಗಳಲ್ಲಿ ಒಂದು ರಾತ್ರಿ ತಂಗಲು ಗಿರಣಿ ಕೂಲಿಕಾರನ ಒಂದು ತಿಂಗಳ ಸಂಬಳವೂ ಸಾಲದು.

ಉಳ್ಳವರು ಆನೆ, ಹುಲಿ ನೋಡಲಿ, ತಕರಾರಿಲ್ಲ. ಆದರೆ ಡೇರೆ ಕಾಡಿನ ಅಂಚಿನಲ್ಲಿದ್ದರೂ ಅದರ ವ್ಯಾಪಾರ ಕಾಡಿನೊಳಗಿನದು. ಆ ಕಾಡಿನ ಮಕ್ಕಳ ಪಾಡೇನು?

ಕಾಕನಕೋಟೆಯಲ್ಲಿ 1971ರವರೆಗೆ ನಡೆದ ಖೆಡ್ಡಾಗಳಲ್ಲಿ ಆನೆಯ ಜಾಡು ಹಿಡಿದವರು, ಅದನ್ನು ಪಳಗಿಸಿದವರು ಜೇನುಕುರುಬರು, ಬೆಟ್ಟಕುರುಬರು. 1974ರಲ್ಲಿ ಅಣೆಕಟ್ಟು ಮುಗಿದು ಆ ಕಾಡು ನೀರಿನಡಿ ಹೋಯಿತು. ಮುಂದೆ ರಾಷ್ಟ್ರೀಯ ಉದ್ಯಾನ, ಆಮೇಲೆ ಹುಲಿ ಸಂರಕ್ಷಣೆ. ಒಂದೊಂದು ಯೋಜನೆ ಬಂದಾಗಲೂ ಹಾಡಿಗಳು ಹೊರಬಿದ್ದವು. 2025ರ ಮೇ ತಿಂಗಳಲ್ಲಿ ಜೇನುಕುರುಬರ ಐವತ್ತಕ್ಕೂ ಹೆಚ್ಚು ಕುಟುಂಬಗಳು ನಾಗರಹೊಳೆಯೊಳಗಿನ ತಮ್ಮ ಹಳೆಯ ಹಾಡಿಗೆ ಮರಳಿ ಗುಡಿಸಲು ಹಾಕಿದಾಗ ಅರಣ್ಯ ಇಲಾಖೆ ಅಡ್ಡ ನಿಂತಿತು. ದುಡ್ಡು ಕೊಟ್ಟವನ ಜೀಪಿಗೆ ದಾರಿ; ಹುಟ್ಟಿದವನ ಗುಡಿಸಲಿಗೆ ಅಡ್ಡಿ. ಇದೆಂಥ ನ್ಯಾಯ?

ಅದೇ ವರ್ಷದ ನವೆಂಬರಿನಲ್ಲಿ, ಸರಗೂರು ಕಡೆ ಹುಲಿಯ ಬಾಯಿಗೆ ರೈತರು ಬಲಿಯಾದ ಮೇಲೆ, ಅರಣ್ಯ ಸಚಿವರು ಸಫಾರಿ ನಿಲ್ಲಿಸಿ ಅದರ ಸಿಬ್ಬಂದಿಯನ್ನು ಹುಲಿ ಹುಡುಕಲು ಕಳಿಸುವಂತೆ ಆದೇಶಿಸಿದರು. ಅತಿಥಿಯ ಸೇವೆಗಿದ್ದ ಆಳು, ಗಾಡಿ ರೈತನ ಪಾಲಿಗೆ ಬರಲು ಹೆಣಗಳು ಬೀಳಬೇಕಾಯಿತು.

ದೊಡ್ಡವರೊಡನೆ ಹೋರಾಡಿ ಗೆಲ್ಲಲಾಗದೆಂಬ ಮಾತು ಸುಳ್ಳು. 1996ರಲ್ಲಿ ನಾಗರಹೊಳೆಯ ಮೂರ್ಕಲ್ಲಿನಲ್ಲಿ ಹೆಸರಾಂತ ಹೋಟೆಲ್ ಕಂಪನಿಯೊಂದರ ವಸತಿಗೃಹದ ವಿರುದ್ಧ ಆದಿವಾಸಿಗಳು ಎದ್ದುನಿಂತರು. 1997ರಲ್ಲಿ ಉಚ್ಚ ನ್ಯಾಯಾಲಯವೂ ಅವರ ಕಡೆಯೇ ತೀರ್ಪಿತ್ತಿತು. ಹೋಟೆಲು ತೆರೆಯಲಿಲ್ಲ.

ನಮ್ಮ ಬೇಡಿಕೆಗಳು ಮೂರು. 2006ರ ಅರಣ್ಯ ಹಕ್ಕು ಕಾಯಿದೆಯ ಅರ್ಜಿಗಳನ್ನು ಗ್ರಾಮಸಭೆಯ ಮುಂದಿಟ್ಟು ಇತ್ಯರ್ಥ ಮಾಡಬೇಕು. ಸಫಾರಿಯ ಆದಾಯದಲ್ಲಿ ಹಾಡಿಗಳಿಗೂ ಅಂಚಿನ ಹಳ್ಳಿಗಳಿಗೂ ನೇರ ಪಾಲು ಸಲ್ಲಬೇಕು. ಡೇರೆ ಗುಡಿಸುವ, ಅಡುಗೆ ಮಾಡುವ, ಜೀಪು ಓಡಿಸುವ ಕೂಲಿಕಾರರ ನೌಕರಿ ಕಾಯಮಾಗಬೇಕು.

ಗಿರಣಿಯ ಗೇಟಿನಲ್ಲಿ, ಸಂತೆಯ ಅಂಗಡಿಯಲ್ಲಿ ಈ ಮಾತು ನಡೆಯಲಿ. ಕಾಡಿನವನನ್ನು ಹಾಡಿಯಿಂದ ಎಬ್ಬಿಸಿದ ಕೈ, ನಾಳೆ ನಮ್ಮನ್ನು ಕೇರಿಯಿಂದ ಎಬ್ಬಿಸಲು ಹಿಂಜರಿಯದು.