ಮಣ್ಣಿಲ್ಲದ ಕೃಷಿ: ಸಾಲಕ್ಕೂ ಮುನ್ನ ಒಂದು ಬಕೆಟ್

ಬಿ.ಎಸ್ಸಿ. ಮುಗಿಸಿ ಎರಡು ವರ್ಷವಾಯಿತು. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತ ಬೈಲಹೊಂಗಲ ಸಮೀಪದ ನಮ್ಮೂರಿನಲ್ಲೇ ಇದ್ದೇನೆ. ಕಳೆದ ಬೇಸಿಗೆಯಲ್ಲಿ ಸವದತ್ತಿಯಿಂದ ಬಂದ ದೊಡ್ಡಪ್ಪನ ಮಗ ಮೊಬೈಲ್‌ನಲ್ಲಿ ಒಂದು ವಿಡಿಯೊ ತೋರಿಸಿದ. ಬಿಳಿ ಪೈಪುಗಳಲ್ಲಿ ಸಾಲುಸಾಲು ಹಸಿರು ಸೊಪ್ಪು. ‘ಹತ್ತು ಗುಂಟೆದಾಗ ಲಕ್ಷಗಟ್ಟಲೆ ಲಾಭ ಅಂತ ತಮ್ಮಾ. ಹೊಲದ ಮ್ಯಾಲೆ ಸಾಲ ತಗೊಂಡು ಮಾಡೋಣೇನು?’ ಎಂದ. ಅಲ್ಲೇ ಕುಳಿತಿದ್ದ ಅಪ್ಪ, ‘ಎರಿ ಹೊಲ ಬಿಟ್ಟು ನೀರಾಗ ಬೆಳಿ ತಗೀತೀರೇನ್ರಲೇ?’ ಎಂದು ನಕ್ಕರು.

ಅಣ್ಣನ ಅವಸರ, ಅಪ್ಪನ ನಗು. ಯಾವುದು ಸರಿ ಎಂದು ತಿಳಿಯಲು ಓದತೊಡಗಿದೆ.

ಹೈಡ್ರೋಪೋನಿಕ್ಸ್ ಹೊಸದೇನಲ್ಲ. 1930ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಗೆರಿಕೆ ಈ ಹೆಸರನ್ನು ಬಳಕೆಗೆ ತಂದರು. ಭಾರತದಲ್ಲಿ 1946ರಲ್ಲೇ ಶಾಲ್ಟೊ ಡಗ್ಲಾಸ್ ಅವರು ಕಾಲಿಂಪಾಂಗ್‌ನಲ್ಲಿ ಪ್ರಯೋಗ ನಡೆಸಿದ್ದರು. ತತ್ವ ಸರಳ. ಗಿಡಕ್ಕೆ 17 ಅಗತ್ಯ ಧಾತುಗಳು ಬೇಕು. ಇಂಗಾಲ, ಜಲಜನಕ, ಆಮ್ಲಜನಕ ಗಾಳಿ ಮತ್ತು ನೀರಿನಿಂದ ಸಿಗುತ್ತವೆ. ಉಳಿದ 14ನ್ನು ಮಣ್ಣು ಕೊಡುತ್ತದೆ. ಅವನ್ನೇ ಸರಿಯಾದ ಪ್ರಮಾಣದಲ್ಲಿ ನೀರಿನಲ್ಲಿ ಕರಗಿಸಿ ಬೇರಿಗೆ ಕೊಟ್ಟರೆ ಮಣ್ಣು ಬೇಕಿಲ್ಲ. ಆದರೆ ಬೇರಿಗೆ ಗಾಳಿಯೂ ಬೇಕು, ದ್ರಾವಣದ ಪಿಎಚ್ 5.5ರಿಂದ 6.5ರೊಳಗಿರಬೇಕು.

ಇದನ್ನು ಪೂರ್ತಿ ಅರಿಯದೆ ನಾನು ಮೊದಲು ಬಕೆಟ್ ನೀರಿಗೆ ಮನೆಯಲ್ಲಿದ್ದ ಯೂರಿಯಾ, ಡಿಎಪಿ ಕರಗಿಸಿ ಪಾಲಕ್ ನೆಟ್ಟೆ. ವಾರದಲ್ಲಿ ಎಲೆ ಸುಟ್ಟು ಹೋಯಿತು. ಎರಡನೇ ಸಲ ಹೈಡ್ರೋಪೋನಿಕ್ಸ್‌ಗೆಂದೇ ಮಾರುವ ಪೋಷಕಾಂಶ ತರಿಸಿದೆ. ಅದು ‘ಎ’, ‘ಬಿ’ ಎಂದು ಎರಡು ಬಾಟಲಿಯಲ್ಲಿ ಬರುತ್ತದೆ. ಎರಡನ್ನೂ ನೇರವಾಗಿ ಬೆರೆಸಿದರೆ ಕ್ಯಾಲ್ಸಿಯಂ ಗಸಿಯಾಗಿ ತಳಕ್ಕಿಳಿಯುತ್ತದೆ, ಗಿಡಕ್ಕೆ ದಕ್ಕುವುದಿಲ್ಲ. ಒಂದೊಂದಾಗಿ ನೀರಿಗೆ ಹಾಕಬೇಕು. ಬೋರ್ ನೀರು ಗಡುಸಾಗಿದ್ದರಿಂದ ಮಳೆನೀರು ಬಳಸಿದೆ. ಬೆಳಕು ಬಿದ್ದು ಪಾಚಿ ಕಟ್ಟದಿರಲೆಂದು ಬಕೆಟ್ ಮುಚ್ಚಿದೆ. ಗಿಡ ನೀರು ಹೀರಿದಂತೆ ಮಟ್ಟ ಇಳಿದು, ಮೇಲಿನ ಬೇರಿಗೆ ಗಾಳಿ ಸಿಗುತ್ತದೆ. ಪಂಪ್ ಬೇಡ, ಕರೆಂಟ್ ಬೇಡ. ಹವಾಯಿ ವಿಶ್ವವಿದ್ಯಾಲಯದ ಕ್ರಾಟ್ಕಿ ರೂಪಿಸಿದ ವಿಧಾನವಿದು. ಈ ಸಲ ಪಾಲಕ್ ಬಂತು.

ಹಾಗಾದರೆ ಅಣ್ಣ ಸಾಲ ಮಾಡಬಹುದೇ? ನಮ್ಮ ಭಾಗದ ಲೆಕ್ಕ ಹಾಕಿ ನೋಡೋಣ.

ಮೊದಲು ನೀರು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ಭಾಗದ ಹೊಲ, ಮನೆಗಳು ಮುಳುಗಿದವು. 2023ರಲ್ಲಿ ಸರ್ಕಾರ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಸವದತ್ತಿಯ ನವಿಲುತೀರ್ಥ ಅಣೆಕಟ್ಟೆಯ ಪಕ್ಕದಲ್ಲಿದ್ದರೂ ಮಳೆಯತ್ತ ಮುಖ ಮಾಡುವ ರೈತರು ಎಷ್ಟೋ. ಇಂಥಲ್ಲಿ ನೀರು ಉಳಿಸುವ ಪದ್ಧತಿ ಕಡೆಗಣಿಸುವಂಥದ್ದಲ್ಲ. ಅಮೆರಿಕದ ಅರಿಜೋನಾದ ಬಗ್ಗೆ 2015ರಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕದಲ್ಲಿ, ಒಂದು ಕಿಲೊ ಲೆಟಿಸ್ ಸೊಪ್ಪಿಗೆ ಹೊಲದಲ್ಲಿ ಸುಮಾರು 250 ಲೀಟರ್ ನೀರು, ಹೈಡ್ರೋಪೋನಿಕ್ಸ್‌ನಲ್ಲಿ ಸುಮಾರು 20 ಲೀಟರ್. ಆದರೆ ಅದೇ ಅಧ್ಯಯನ ಹೇಳುವ ಇನ್ನೊಂದು ಮಾತನ್ನು ವಿಡಿಯೊಗಳು ಹೇಳುವುದಿಲ್ಲ: ಹಸಿರುಮನೆಯನ್ನು ತಂಪಾಗಿ, ಬೆಚ್ಚಗೆ ಇಡಲೂ ಸೇರಿ ಇಂಧನ ಸುಮಾರು 82 ಪಟ್ಟು ಹೆಚ್ಚು ಬೇಕು.

ನಮ್ಮಲ್ಲಿ ಪಂಪ್‌ಸೆಟ್‌ಗಳಿಗೆ ದಿನಕ್ಕೆ 7 ತಾಸು ತ್ರೀಫೇಸ್ ಎಂಬುದೇ ಲೆಕ್ಕ. ಪೈಪಿನಲ್ಲಿ ತೆಳುವಾಗಿ ನೀರು ಹರಿಸುವ ಪದ್ಧತಿಯಲ್ಲಿ ಬೇಸಿಗೆಯಲ್ಲಿ ಕೆಲವೇ ತಾಸು ಪಂಪ್ ನಿಂತರೂ ಬೇರು ಒಣಗುತ್ತದೆ. ಬ್ಯಾಟರಿ, ಜನರೇಟರ್ ಖರ್ಚು ಬೇರೆ.

ಎರಡನೆಯದು ಮಾರುಕಟ್ಟೆ. ರೊಟ್ಟಿ ಜೊತೆ ಹಸಿ ಮೆಂತ್ಯೆ, ಉಳ್ಳಾಗಡ್ಡಿ ತಿನ್ನುವವರು ನಾವು. ನಮ್ಮ ಸಂತೆಯಲ್ಲಿ ಲೆಟಿಸ್ ಕೇಳುವವರಿಲ್ಲ. ಮೆಂತ್ಯೆಯನ್ನೇ ಪೈಪಿನಲ್ಲಿ ಬೆಳೆದರೆ ಹೊಲದ ಮೆಂತ್ಯೆಯ ದರಕ್ಕೇ ಮಾರಬೇಕು. ಬೆಳಗಾವಿ, ಹುಬ್ಬಳ್ಳಿ–ಧಾರವಾಡ, ಗೋವಾದ ಹೋಟೆಲ್‌ಗಳೇ ಗಿರಾಕಿ. ಹೆದ್ದಾರಿಯ ಮೇಲಿರುವ ಕಿತ್ತೂರಿನವರಿಗೆ ಇದು ಸುಲಭ, ರಾಮದುರ್ಗದವರಿಗೆ ಸಾಗಾಟವೇ ಭಾರ.

ಇನ್ನು ಮಣ್ಣು. ಕಲ್ಲುಭೂಮಿಗೆ, ತಾರಸಿಗೆ ಈ ಪದ್ಧತಿ ವರ. ಹತ್ತಿ, ಕಡಲೆ, ಜೋಳ ಬೆಳೆಯುವ ಎರೆಭೂಮಿಯನ್ನು ಒತ್ತೆಯಿಟ್ಟು ಮಣ್ಣಿಲ್ಲದ ಕೃಷಿ ಮಾಡುವುದು ಮಾತ್ರ ವಿಚಿತ್ರ. ಅಪ್ಪನ ನಗುವಿನಲ್ಲಿದ್ದ ವಿಚಾರ ಇದೇ.

ಕಲಿಯಲು ದುಬಾರಿ ತರಬೇತಿಯೇ ಬೇಕಿಲ್ಲ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತೆಂಗಿನ ನಾರಿನ ಪುಡಿಯಲ್ಲಿ ತರಕಾರಿ ಬೆಳೆಯುವ ವಿಧಾನ ರೂಪಿಸಿದೆ. ಅದಕ್ಕೆಂದೇ ‘ಅರ್ಕಾ ಸಸ್ಯ ಪೋಷಕ್ ರಸ್’ ಎಂಬ ದ್ರಾವಣವಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯ, ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ ನಮಗೆ ಹತ್ತಿರದಲ್ಲೇ ಇವೆ. ಹೋಗಿ ಕೇಳಲು ಬಸ್ ಚಾರ್ಜು ಸಾಕು.

ಅಣ್ಣನಿಗೆ ಇದೆಲ್ಲ ಹೇಳಿದೆ. ಮೊದಲು ಸಿಟ್ಟಾದ. ಸಾಲದ ಅರ್ಜಿ ಮಾತ್ರ ಇನ್ನೂ ಹಾಕಿಲ್ಲ. ಈಗ ಅವನ ಮನೆಯ ತಾರಸಿ ಮೇಲೆ ಹತ್ತು ಬಕೆಟ್ ಇವೆ. ಮೂರು ಋತು ಖರ್ಚು, ಆದಾಯ ಬರೆದಿಡಬೇಕು, ಕೊಳ್ಳುವ ಹೋಟೆಲ್ ಮೊದಲೇ ಗೊತ್ತಾಗಬೇಕು, ಆಮೇಲೆ ಸಾಲದ ಮಾತು ಎಂದು ಒಪ್ಪಿದ್ದೇವೆ. ಕೆಲಸ ಹುಡುಕುತ್ತಿರುವ ಗೆಳೆಯರಿಗೂ ನನ್ನ ಮಾತು ಇದೇ. ಬಕೆಟ್ ಸೋತರೆ ಹೋಗುವುದು ಒಂದು ಬಕೆಟ್. ಹೊಲ ಹೋದರೆ ಮತ್ತೆ ಬಾರದು.